‘ಬರೀ ಹುಳಿ ನೀರು ಅನಿಸಿತು, ನನ್ನ ನಾಲಿಗೆ ಸರಿ ಇಲ್ವಾ?’

ಪ್ರಶ್ನೆ: ಓದಲು ಫ್ರಾನ್ಸಿಗೆ ಬಂದು ಎಂಟು ತಿಂಗಳಾಯಿತು. ಸೂಪರ್‌ಮಾರ್ಕೆಟ್‌ನಲ್ಲಿ ಐದು ಯೂರೋ ಕೊಟ್ಟು ಮ್ಯುಸ್ಕಾದೆ ಅನ್ನೋ ಬಿಳಿ ವೈನ್ ತಂದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಮರುದಿನ ಕುಡಿದರೆ ವಾಸನೆಯೇ ಇಲ್ಲ, ಬರೀ ಹುಳಿ ನೀರು. ನನ್ನ ಜೊತೆಗಿರುವ ಫ್ರೆಂಚ್ ಹುಡುಗರು ಅದನ್ನೇ ಚಪ್ಪರಿಸಿ ಕುಡಿಯುತ್ತಾರೆ. ಅಗ್ಗದ್ದು ಅಂತ ಹೀಗಾ, ಇಲ್ಲ ನನಗೆ ವೈನ್ ರುಚಿ ನೋಡೋಕೆ ಬರಲ್ವಾ? ಅರ್ಧ ಬಾಟಲಿ ಹಾಗೇ ಉಳಿದಿದೆ, ಏನು ಮಾಡಲಿ?

ಉತ್ತರ: ವೈನೂ ಸರಿ ಇದೆ, ನಾಲಿಗೆಯೂ ಸರಿ ಇದೆ. ನೀವು ರುಚಿ ಹುಡುಕಿದ ಜಾಗ ಬೇರೆ ಆಯಿತು, ಅಷ್ಟೇ.

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರು ಮ್ಯುಸ್ಕಾದೆ ಅಂತಾರೆ, ಇನ್ನೊಬ್ಬರು ಪಿಕ್‌ಪೂಲ್ ಅಂತಾರೆ, ದೂರು ಮಾತ್ರ ಒಂದೇ: ವಾಸನೆ ಇಲ್ಲ, ಹುಳಿ ಜಾಸ್ತಿ. ನನ್ನ ಮೊದಲ ಮ್ಯುಸ್ಕಾದೆಯೂ ಅರ್ಧ ಸಿಂಕ್‌ಗೇ ಹೋಗಿತ್ತು. ಆಗ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ ಅಂತ ನನ್ನ ಗುಮಾನಿ. ಲೋಟಕ್ಕೆ ಮೂಗಿಟ್ಟು, ದ್ರಾಕ್ಷಿ ವಾಸನೆ ಬರಲಿ ಅಂತ ಕಾದಿರಿ, ಅಲ್ವಾ?

ಇದರಲ್ಲಿ ನಮ್ಮ ಊರಿನ ಪಾಲೂ ಇದೆ. ನಮಗೆಲ್ಲ ‘ದ್ರಾಕ್ಷಿ ವಾಸನೆ’ ಅಂದ್ರೆ ಏನು ಅಂತ ಕಲಿಸಿದ್ದು ಬೆಂಗಳೂರು ನೀಲಿ ದ್ರಾಕ್ಷಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುತ್ತದಲ್ಲ, ಅದೇ. ಬೀಜ ಇರುತ್ತದೆ, ಸಿಪ್ಪೆ ದಪ್ಪ, ಮನೆಯ ಒಂದು ಮೂಲೆಯಲ್ಲಿ ಇಟ್ಟರೂ ಇನ್ನೊಂದು ಮೂಲೆಗೆ ಘಮ್ ಅಂತ ಬರುತ್ತದೆ. ಜ್ಯೂಸ್ ಅಂಗಡಿಯ ಗ್ರೇಪ್ ಜ್ಯೂಸ್ ಕುಡಿದು ಬೆಳೆದ ಮೂಗು ವೈನಿನಲ್ಲೂ ಅದನ್ನೇ ಹುಡುಕುತ್ತದೆ. ಮ್ಯುಸ್ಕಾದೆಯಲ್ಲಿ ಅದು ಸಿಗುವುದಿಲ್ಲ. ಸಿಗಬಾರದು ಕೂಡ. ಹೆಸರು ಕೇಳಿ ಮಸ್ಕತ್ ದ್ರಾಕ್ಷಿ ಅಂದುಕೊಂಡು ಮೋಸಹೋಗುವವರೂ ಇದ್ದಾರೆ. ಮಸ್ಕತ್ ಬೇರೆಯೇ ದ್ರಾಕ್ಷಿ, ಅದು ಹೂವಿನ ಹಾಗೆ ಘಮಘಮಿಸುತ್ತದೆ. ನಿಮ್ಮ ಬಾಟಲಿಯಲ್ಲಿರುವುದು ಮೆಲೊನ್ ದ ಬುರ್ಗೊನ್ಯ್ ಅನ್ನೋ ದ್ರಾಕ್ಷಿ. ‘ಮೆಲೊನ್’ ಅಂದ ಮಾತ್ರಕ್ಕೆ ಕರಬೂಜದ ವಾಸನೆಯನ್ನೂ ಹುಡುಕಬೇಡಿ. ಪಾಪ, ಈ ವೈನಿಗೆ ಹೆಸರಿನ ವಿಷಯದಲ್ಲಿ ಅದೃಷ್ಟವೇ ಇಲ್ಲ.

ಈ ಮೆಲೊನ್‌ನದ್ದು ಒಂದು ಮಜಾ ಕಥೆ. ಹೆಸರೇ ಹೇಳುವ ಹಾಗೆ ಮೂಲ ಬುರ್ಗೊನ್ಯ್, ಅಂದರೆ ಬರ್ಗಂಡಿ. ಅಲ್ಲಿ ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ, ಕಿತ್ತು ಹಾಕಿದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಗೊತ್ತಾಗಿದ್ದೇನಂದರೆ, ಜಗತ್ತೇ ಕೊಂಡಾಡುವ ಶಾರ್ದೊನೇ ದ್ರಾಕ್ಷಿಗೂ ಈ ಮೆಲೊನ್‌ಗೂ ಅಪ್ಪ ಅಮ್ಮ ಒಂದೇ: ಪಿನೋ ಮತ್ತು ಗುವೇ ಬ್ಲಾಂಕ್ ಅನ್ನೋ ಹಳೆ ದ್ರಾಕ್ಷಿ ತಳಿಗಳು. ಅಣ್ಣ ಊರಲ್ಲೇ ಉಳಿದು ದೊಡ್ಡ ಮನುಷ್ಯನಾದ, ತಮ್ಮ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ. ಸೇರಿದ್ದು ಲ್ವಾರ್ ನದಿ ಸಮುದ್ರ ಸೇರುವ ಕಡೆ, ನಾಂತ್ ಪಟ್ಟಣದ ಸುತ್ತಮುತ್ತ. 17ನೇ ಶತಮಾನದಲ್ಲಿ ಅಲ್ಲಿಗೆ ಹಡಗು ತರುತ್ತಿದ್ದ ಡಚ್ ವ್ಯಾಪಾರಿಗಳಿಗೆ ಭಟ್ಟಿ ಇಳಿಸಲು ಸಪ್ಪೆ ಬಿಳಿ ವೈನ್ ಬೇಕಿತ್ತು. ಅದರಿಂದ ಆಗುತ್ತಿದ್ದ ಸಾರಾಯಿಗೆ ಅವರು ಇಟ್ಟ ಹೆಸರಿನ ಅರ್ಥ ‘ಸುಟ್ಟ ವೈನ್’. ಆ ಡಚ್ ಹೆಸರೇ ಇಂಗ್ಲಿಷಿನಲ್ಲಿ ಸವೆದು ಬ್ರ್ಯಾಂಡಿಯಾಗಿ, ನಮ್ಮಲ್ಲಿಗೆ ಬಂದು ಬ್ರಾಂದಿಯಾಗಿ, ಕೊನೆಗೆ ಬ್ರಾಂದಿ ಅಂಗಡಿ ಬೋರ್ಡ್ ಏರಿತು. ಆಮೇಲೆ 1709ರ ಚಳಿಗಾಲ. ಫ್ರಾನ್ಸ್‌ನಲ್ಲಿ ಅದನ್ನು ಇವತ್ತಿಗೂ ‘ಮಹಾ ಚಳಿಗಾಲ’ ಅಂತಲೇ ಕರೆಯುತ್ತಾರೆ. ನಾಂತ್ ಕಡೆಯ ಬಳ್ಳಿಗಳು ಬಹುಪಾಲು ಸತ್ತವು. ಚಳಿ ತಡೆದುಕೊಳ್ಳುವ ಮೆಲೊನ್ ಬದುಕಿತು, ಮುಂದೆ ಎಲ್ಲರೂ ಅದನ್ನೇ ನೆಟ್ಟರು.

ಹಾಗಾಗಿ ಇದು ಹುಟ್ಟಿನಿಂದಲೇ ಸಪ್ಪೆ ಮೂಗಿನ ದ್ರಾಕ್ಷಿ. ಅಲ್ಲಿನವರಿಗೂ ಇದು ಗೊತ್ತು. ಹಾಗಾಗಿ ಅವರು ವಾಸನೆ ಕಡಿಮೆ ಅಂತ ಕೊರಗದೆ ಬೇರೆ ದಾರಿ ಹಿಡಿದರು, ನಿಮ್ಮ ಲೇಬಲ್ ಮೇಲೆ ಅದರ ಗುರುತು ಇರಬೇಕು, ಹೋಗಿ ನೋಡಿ. ‘ಸೆವ್ರ್ ಎ ಮೆನ್’ ಅಂತ ಇದೆಯಾ? ಅವು ಎರಡು ಸಣ್ಣ ನದಿಗಳ ಹೆಸರು, ಅವುಗಳ ಸುತ್ತಲಿನ ತೋಟಗಳಿಗೆ 1936ರಿಂದ ಸರ್ಕಾರಿ ಮಾನ್ಯತೆ ಇದೆ. ಅದರ ಕೆಳಗೋ ಪಕ್ಕಕ್ಕೋ ‘ಸ್ಯುರ್ ಲೀ’ ಅಂತ ಎರಡು ಪದ ಇದೆಯಾ? ಈ ಎರಡು ಪದ ಇಲ್ಲದಿದ್ದರೆ ನಿಮ್ಮ ದೂರಿನಲ್ಲಿ ಸ್ವಲ್ಪ ಸತ್ಯ ಇದೆ ಅಂತ ಒಪ್ಪಿಕೊಳ್ಳುತ್ತೇನೆ, ಮುಂದಿನ ಸಲ ನೋಡಿ ತನ್ನಿ.

ಸ್ಯುರ್ ಲೀ ಅಂದರೆ ‘ಗಸಿಯ ಮೇಲೆ’. ದ್ರಾಕ್ಷಿ ರಸವನ್ನು ವೈನ್ ಮಾಡುವುದು ಯೀಸ್ಟ್. ಸಕ್ಕರೆಯೆಲ್ಲ ತಿಂದು ಮುಗಿಸಿದ ಮೇಲೆ ಯೀಸ್ಟ್ ಸತ್ತು ತಳಕ್ಕೆ ಕೂರುತ್ತದೆ, ಅದೇ ಗಸಿ. ಸಾಮಾನ್ಯವಾಗಿ ವೈನನ್ನು ಅದರಿಂದ ಬೇರೆ ಮಾಡಿ ಇನ್ನೊಂದು ಪಾತ್ರೆಗೆ ಹಾಕುತ್ತಾರೆ. ಇಲ್ಲಿ ಹಾಗೆ ಮಾಡದೆ ಒಂದು ಇಡೀ ಚಳಿಗಾಲ ಅದರ ಮೇಲೆಯೇ ಬಿಡುತ್ತಾರೆ, ಎಷ್ಟೋ ಕಡೆ ನೆಲದೊಳಗೆ ಕಟ್ಟಿಸಿದ ತೊಟ್ಟಿಗಳಲ್ಲಿ. ಮುಂದಿನ ವರ್ಷ ಮಾರ್ಚ್ 1ರಿಂದ ನವೆಂಬರ್ 30ರ ಒಳಗೆ ಅಲ್ಲಿಂದ ನೇರ ಬಾಟಲಿಗೆ. ಇದು ಕಾನೂನು. ಶುರುವಾಗಿದ್ದು ಮಾತ್ರ ಮನೆಯ ಮದುವೆಗೆ ಅಂತ ಎತ್ತಿಟ್ಟ ಪೀಪಾಯಿಯಿಂದ, ಅದು ಗಸಿಯ ಮೇಲೆ ಜಾಸ್ತಿ ದಿನ ಕೂತಿದ್ದಕ್ಕೆ ಬೇರೆಲ್ಲದಕ್ಕಿಂತ ರುಚಿಯಾಗಿತ್ತು ಅಂತ ಅಲ್ಲಿನವರು ಹೇಳುತ್ತಾರೆ.

ಗಸಿಯಿಂದ ಏನು ಬರುತ್ತದೆ? ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿನ ಮುಚ್ಚಳ ಬೆಳಿಗ್ಗೆ ತೆಗೆದಾಗ ಮೇಲೆ ಏಳುವ ಆ ಹುದುಗಿನ ಗಾಳಿ, ಅದರ ಒಂದು ಸಣ್ಣ ಎಳೆ ವಾಸನೆಯಲ್ಲಿ ಸೇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬಾಯಿಗೆ ಸಿಗುವ ಮೈ. ಸತ್ತ ಯೀಸ್ಟ್ ನಿಧಾನಕ್ಕೆ ಒಡೆದು ವೈನಿಗೆ ತುಸು ದಪ್ಪ, ತುಸು ನುಣುಪು ಕೊಡುತ್ತದೆ. ಜೊತೆಗೆ ಹುದುಗುವಾಗ ಹುಟ್ಟಿದ ಗ್ಯಾಸ್ ಸ್ವಲ್ಪ ಒಳಗೇ ಉಳಿದುಕೊಂಡು ನಾಲಿಗೆ ತುದಿಯಲ್ಲಿ ಚುರ್ ಅನ್ನುತ್ತದೆ. ಸೋಡಾದಷ್ಟಲ್ಲ, ಇದೆಯೋ ಇಲ್ಲವೋ ಅನ್ನುವಷ್ಟು.

ಈಗ ಹುಳಿಯ ವಿಷಯಕ್ಕೆ ಬರೋಣ, ನಿಮ್ಮ ಮುಖ್ಯ ತಕರಾರು ಅದೇ ತಾನೆ. ನಮಗೆ ಹುಳಿ ಹೊಸದೇನೂ ಅಲ್ಲ, ಅಡುಗೆಮನೆಯಲ್ಲೇ ನಾಲ್ಕಾರು ಥರದ ಹುಳಿ ಇದೆ. ದ್ರಾಕ್ಷಿಯಲ್ಲಿರುವ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿನ ಹುಳಿಯೂ ಅದೇ! ಎರಡನೆಯದು ಮ್ಯಾಲಿಕ್ ಆಮ್ಲ, ಹಸಿರು ಸೇಬು ಕಚ್ಚಿದಾಗ ದವಡೆ ಹಿಡಿಯುತ್ತದಲ್ಲ, ಅದು. ಬಹಳಷ್ಟು ವೈನ್‌ಗಳಲ್ಲಿ ಈ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಕೈಲಿ ಲ್ಯಾಕ್ಟಿಕ್ ಆಮ್ಲ ಮಾಡಿಸುತ್ತಾರೆ, ಅಂದರೆ ಮೊಸರಿನ ಹುಳಿ. ಹಾಗೆ ಮಾಡಿದರೆ ವೈನ್ ಮೆತ್ತಗಾಗುತ್ತದೆ, ಬೆಣ್ಣೆಯಂಥ ವಾಸನೆ ಬರುತ್ತದೆ. ಮ್ಯುಸ್ಕಾದೆ ಮಾಡುವವರು ಸಾಮಾನ್ಯವಾಗಿ ಇದಕ್ಕೆ ಬಿಡುವುದಿಲ್ಲ. ಸೇಬಿನ ಹುಳಿ ಸೇಬಿನ ಹುಳಿಯಾಗಿಯೇ ಇರಲಿ ಅಂತ ತಡೆಯುತ್ತಾರೆ. ಸಕ್ಕರೆಯೂ ಇಲ್ಲ, ಮರದ ವಾಸನೆಯೂ ಇಲ್ಲ, ಆಲ್ಕೋಹಾಲ್ ಕೂಡ ಶೇ 12ರ ಆಸುಪಾಸು. ಮುಚ್ಚಿಡಲು ಏನೂ ಇಲ್ಲದ ಕಾರಣ ಹುಳಿ ಬೆತ್ತಲೆಯಾಗಿ ನಿಂತಿರುತ್ತದೆ. ಅದು ಅಗ್ಗದ ವೈನಿನ ದೋಷ ಅಲ್ಲ, ಅದನ್ನು ಹಾಗೆ ಬೇಕು ಅಂತಲೇ ಮಾಡಿದ್ದು.

ಹಾಗಾದರೆ ಇದನ್ನು ರುಚಿ ನೋಡೋದು ಹೇಗೆ? ಉಳಿದ ಅರ್ಧ ಬಾಟಲಿ ಇದೆಯಲ್ಲ, ಅದರಿಂದಲೇ ಶುರು ಮಾಡಿ.

ಮೊದಲು ತಣ್ಣಗಿನ ಲೆಕ್ಕ. ಮನೆ ಫ್ರಿಜ್ 4 ಡಿಗ್ರಿ ಹತ್ತಿರ ಇರುತ್ತದೆ. ಅಷ್ಟು ತಂಪಿನಲ್ಲಿ ಇದ್ದಬದ್ದ ವಾಸನೆಯೂ ಬಾಯಿ ಮುಚ್ಚಿಕೊಂಡು ಕೂರುತ್ತದೆ, ಹುಳಿ ಒಂದೇ ಎದ್ದು ಕಾಣುತ್ತದೆ. ಈ ವೈನಿಗೆ 8ರಿಂದ 10 ಡಿಗ್ರಿ ಸಾಕು. ಥರ್ಮಾಮೀಟರ್ ಎಲ್ಲ ಬೇಡ, ಕುಡಿಯುವ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹೊರಗಿಡಿ. ಗಾಜಿನ ಲೋಟ ಯಾವುದಾದರೂ ನಡೆಯುತ್ತದೆ, ಬಾಯಿ ತುಸು ಒಳಕ್ಕೆ ಬಾಗಿದ್ದರೆ ಒಳ್ಳೆಯದು, ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಸ್ಟೀಲ್ ಲೋಟ ಕಾಫಿಗಿರಲಿ.

ಬಣ್ಣ ನೀರಿಗೆ ಹತ್ತಿರ, ಅಂಚಿನಲ್ಲಿ ಹಸಿರು ಛಾಯೆ. ಲೋಟದ ಗೋಡೆಗೆ ನಾಲ್ಕೈದು ಸಣ್ಣ ಗುಳ್ಳೆ ಅಂಟಿಕೊಂಡಿದ್ದರೆ ಗಾಬರಿ ಬೇಡ, ಅದು ಗಸಿಯ ಕಾಲದ ಗ್ಯಾಸ್. ತೆರೆದಿಟ್ಟ ಬಾಟಲಿಯಲ್ಲಿ ಅದು ಕಾಣದೆಯೂ ಇರಬಹುದು. ಬಣ್ಣ ಕಂದು ಹಳದಿಗೆ ತಿರುಗಿ, ಕತ್ತರಿಸಿಟ್ಟ ಸೇಬು ಕಪ್ಪಾದಾಗ ಬರುವ ವಾಸನೆ ಇದ್ದರೆ ಆ ಬಾಟಲಿ ಬಿಸಿಲಲ್ಲೋ ಸೆಕೆಯಲ್ಲೋ ಕೆಟ್ಟಿದೆ. ಒದ್ದೆ ರಟ್ಟಿನ ಡಬ್ಬಿ, ನೆನೆದ ಪೇಪರ್ ವಾಸನೆ ಇದ್ದರೆ ತಪ್ಪು ಬಿರಡೆಯದ್ದು. ಈ ಎರಡು ಬಿಟ್ಟರೆ ನಿಮ್ಮ ಬಾಟಲಿ ಸರಿಯಿದೆ ಅಂದುಕೊಳ್ಳಿ. ಹಾಂ, ಬಿರಡೆಗೋ ಬಾಟಲಿ ತಳಕ್ಕೋ ಹರಳು ಅಂಟಿಕೊಂಡಿದ್ದರೆ ಅದು ಗಾಜಿನ ಚೂರಲ್ಲ. ಹುಣಸೆಯ ನೆಂಟ ಅಂದೆನಲ್ಲ, ಆ ಟಾರ್ಟಾರಿಕ್ ಆಮ್ಲ ತಂಪಿಗೆ ಹರಳುಗಟ್ಟಿದ್ದು.

ಮೂಗಿಗೆ ಜಾಸ್ತಿ ಕೆಲಸ ಕೊಡಬೇಡಿ. ನಿಂಬೆ ಸಿಪ್ಪೆ, ಹಸಿರು ಸೇಬು, ಒಂಚೂರು ಪೇರ್ ಹಣ್ಣು, ಮಳೆ ಬಿದ್ದ ಚಪ್ಪಡಿ ಕಲ್ಲು, ಆ ದೋಸೆ ಹಿಟ್ಟು. ಇದರಲ್ಲಿ ಎರಡು ಸಿಕ್ಕರೂ ಸಾಕು. ಕಲ್ಲಿನ ವಾಸನೆ ತೋಟದ ಕಲ್ಲಿನಿಂದಲೇ ಬೇರು ಹೀರಿ ತಂದಿದ್ದು ಅಂತ ಕೆಲವರು ಕಣ್ಣರಳಿಸಿ ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ, ಬಳ್ಳಿ ಬಂಡೆಯನ್ನು ಹಾಗೆ ಕುಡಿಯುವುದಿಲ್ಲ. ಆದರೆ ಆ ವಾಸನೆ ನೆನಪಿಗೆ ತರುವುದಂತೂ ಒದ್ದೆ ಕಲ್ಲನ್ನೇ.

ಈಗ ಒಂದು ಗುಟುಕು. ತಕ್ಷಣ ನುಂಗಬೇಡಿ. ಬಾಯಿ ತುಂಬ ಆಡಿಸಿ, ಒಸಡಿಗೂ ಕೆನ್ನೆಯ ಒಳಗಡೆಗೂ ತಾಗಲಿ, ಆಮೇಲೆ ನುಂಗಿ. ನುಂಗಿದ ಮೇಲೆ ತಲೆ ತುಸು ತಗ್ಗಿಸಿ ಸುಮ್ನೆ ಕೂತ್ಕೊಳ್ಳಿ. ಕಿವಿಯ ಕೆಳಗೆ, ದವಡೆ ಸೇರುವ ಕಡೆಯಿಂದ ನೀರು ಬರುತ್ತದೆ ನೋಡಿ. ನೀವು ನೋಡಬೇಕಿದ್ದ ರುಚಿ ಇದು. ಮ್ಯುಸ್ಕಾದೆ ಮೂಗಿಗಿಂತ ನಾಲಿಗೆಗೆ, ನಾಲಿಗೆಗಿಂತ ದವಡೆಗೆ ಮಾಡಿದ ವೈನ್. ಆ ನೀರು ಎಷ್ಟು ಹೊತ್ತು ಊರುತ್ತದೆ, ಅದರ ಹಿಂದೆ ಉಪ್ಪು ಹಾಕಿದ್ದಾರೇನೋ ಅನ್ನುವ ಭ್ರಮೆ ಬರುತ್ತದಾ, ಹುಳಿ ಚೂಪಾಗಿ ಚುಚ್ಚಿ ಅಲ್ಲೇ ನಿಲ್ಲುತ್ತದಾ ಅಥವಾ ನಿಧಾನಕ್ಕೆ ಉದ್ದಕ್ಕೆ ಹರಿದು ಬಾಯಿ ಚೊಕ್ಕ ಮಾಡಿ ಹೋಗುತ್ತದಾ, ಒಳ್ಳೆ ಮ್ಯುಸ್ಕಾದೆಗೂ ಸಾಧಾರಣದ್ದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಕೋಸಂಬರಿಗೆ ನಿಂಬೆ ಹಿಂಡುವಾಗ ಒಂದು ಹದ ಇರುತ್ತದಲ್ಲ, ಎರಡು ಹನಿ ಕಡಿಮೆ ಆದರೆ ಬೇಳೆ ಸಪ್ಪೆ, ಜಾಸ್ತಿ ಆದರೆ ಮುಖ ಕಿವುಚಬೇಕು. ಆ ಹದ ಗೊತ್ತಿರುವವರಿಗೆ ಈ ವೈನ್ ಕಷ್ಟವೇ ಅಲ್ಲ.

ಬಾಯಲ್ಲಿ ನೀರೂರಿದ ಮೇಲೆ ಏನಾದರೂ ತಿನ್ನಬೇಕು ಅನಿಸುತ್ತದಲ್ವಾ? ಅನಿಸಲೇಬೇಕು. ನಿಮ್ಮ ಗೆಳೆಯರು ಇದನ್ನು ಯಾವುದರ ಜೊತೆ ಕುಡಿಯುತ್ತಾರೆ ಅಂತ ಗಮನಿಸಿದ್ದೀರಾ? ಒಂಟಿಯಾಗಿ ಕುಡಿಯುವುದನ್ನು ನಾನಂತೂ ಕಂಡಿದ್ದು ಕಡಿಮೆ. ನಾಂತ್‌ನ ತಲೆನ್ಸಾಕ್ ಮಾರುಕಟ್ಟೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೇ ಜನ ನಿಂತುಕೊಂಡು ಆಯ್ಸ್ಟರ್ ಅನ್ನೋ ಹಸಿ ಸಿಂಪಿ ತಿನ್ನುತ್ತಾ ಇದನ್ನು ಕುಡಿಯುತ್ತಿದ್ದರು. ನಾನು ಮಲ್ಪೆ ಕಡೆಯವನು, ಮರ್ವಾಯಿ ಅನ್ನೋ ಚಿಪ್ಪುಮೀನಿನ ಸುಕ್ಕ ಅಂದ್ರೆ ಪ್ರಾಣ, ಆದರೂ ಹಸಿಯಾಗಿ, ಚಿಪ್ಪಿನ ಸಮೇತ ತುಟಿಗಿಟ್ಟು ಸುರ್ ಅಂತ ಎಳೆಯುವುದು ಅಂದ್ರೆ ಹೊಟ್ಟೆ ತೊಳಸಿತು. ಮಾರುವವಳು ನನ್ನ ಮುಖ ನೋಡಿ ನಕ್ಕು, ಮೊದಲು ಸಿಂಪಿ, ಅದು ಬಾಯಲ್ಲಿರುವಾಗಲೇ ವೈನ್ ಅಂತ ಕೈಸನ್ನೆ ಮಾಡಿದಳು. ಮಾಡಿದೆ. ಸಮುದ್ರದ ಉಪ್ಪು ಮುಂದೆ, ಈ ಹುಳಿ ಹಿಂದೆ. ಸಿಂಕ್‌ಗೆ ಸುರಿದ ಅದೇ ಥರದ ವೈನ್ ಇದು ಅಂತ ನಂಬೋಕೆ ಆಗಲಿಲ್ಲ. ಉಪ್ಪು ಸಿಕ್ಕಿದ ಕೂಡಲೇ ಹುಳಿಯ ಮೊನೆ ಮಡಚಿಕೊಂಡಿತ್ತು, ಅಷ್ಟು ದಿನ ಕಾಣದ ಆ ಗಸಿಯ ನುಣುಪು ಆಗ ಕಂಡಿತು.

ಹಸಿ ಸಿಂಪಿ ಬೇಡ ಅಂದರೆ ತಲೆಕೆಡಿಸಿಕೊಳ್ಳಬೇಡಿ. ಉಪ್ಪು, ಎಣ್ಣೆ, ಬೆಣ್ಣೆ, ಮೀನು, ಇವಿಷ್ಟರಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ರವೆ ಮೆತ್ತಿ ಹುರಿದ ಮೀನಿನ ಜೊತೆ ಇದು ಅದ್ಭುತ, ಕಾಣೆ ಮೀನು ಸಿಗದ ಊರಿನಲ್ಲಿ ಸಿಕ್ಕಿದ ಮೀನು ಹುರಿಯಿರಿ. ಸಸ್ಯಾಹಾರಿ ಆದರೆ ಮೇಕೆ ಹಾಲಿನ ಚೀಸ್, ಇಲ್ಲ ಬಿಸಿ ಬಿಸಿ ಈರುಳ್ಳಿ ಬಜ್ಜಿ. ಎಣ್ಣೆಯ ಜಿಡ್ಡನ್ನು ಹುಳಿ ಒರೆಸಿಕೊಂಡು ಹೋಗುತ್ತದೆ, ಆಲ್ಕೋಹಾಲ್ ಕಡಿಮೆ ಇರುವುದರಿಂದ ಸ್ವಲ್ಪ ಖಾರ ಇದ್ದರೂ ಬಾಯಿ ಉರಿಯುವುದಿಲ್ಲ. ಸಾರು, ಪುಳಿಯೋಗರೆ ಜೊತೆ ಮಾತ್ರ ಬೇಡ. ತಟ್ಟೆಯಲ್ಲಿ ವೈನಿಗಿಂತ ಜಾಸ್ತಿ ಹುಳಿ ಇದ್ದರೆ ವೈನ್ ನೀರಾಗುತ್ತದೆ. ಸಿಹಿ ಅಂತೂ ಬೇಡವೇ ಬೇಡ, ಒಂದು ಬಿಸ್ಕೆಟ್ ತಿಂದು ಕುಡಿದರೂ ಇದು ವಿನೆಗರ್ ಥರ ಹೊಡೆಯುತ್ತದೆ. ಮೊನ್ನೆ ಕುಡಿಯುವ ಮುಂಚೆ ನೀವು ಏನು ತಿಂದಿದ್ದಿರಿ ಅಂತ ನೆನಪು ಮಾಡಿಕೊಳ್ಳಿ.

ಅಗ್ಗ ಯಾಕೆ ಅನ್ನುವುದಕ್ಕೂ ಒಂದು ಮಾತು. ಒಂದು ಕಾಲದಲ್ಲಿ ಇದಕ್ಕೆ ಹೊರದೇಶಗಳಲ್ಲಿ ಭಾರಿ ಬೇಡಿಕೆ ಇತ್ತು. ಬೇಡಿಕೆ ಇದೆ ಅಂತ ಕಂಡಕಂಡಲ್ಲಿ ಬೆಳೆದರು, ತೆಳ್ಳಗಿನ ವೈನ್ ಮಾಡಿ ಹೆಸರು ಕೆಡಿಸಿಕೊಂಡರು. 1991ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟು ಹೋದಾಗ ಬೆಲೆ ಏರಿತು, ಕೊಳ್ಳುವವರು ಬೇರೆ ಕಡೆ ಹೋದರು. ಮತ್ತೆ ಎಲ್ಲರೂ ವಾಪಸ್ ಬರಲಿಲ್ಲ. ಹೆಸರು ಕೆಟ್ಟ ಮೇಲೂ ಒಳ್ಳೆಯದನ್ನು ಮಾಡುತ್ತಾ ಉಳಿದವರು ಇದ್ದಾರಲ್ಲ, ಅವರಿಂದ ಲಾಭ ನಮಗೆ. ಎಂಟು ಹತ್ತು ಯೂರೋಗೆ ಬರ್ಗಂಡಿಯಲ್ಲಿ ಸಿಗದ ಕೆಲಸ ಇಲ್ಲಿ ಸಿಗುತ್ತದೆ. ಇನ್ನೂ ನಾಲ್ಕೈದು ಯೂರೋ ಸೇರಿಸಿದರೆ ಕ್ಲಿಸೋನ್, ಗೋರ್ಜ್, ಲ ಪಾಲೆ ಅಂತ ಊರ ಹೆಸರು ಬರೆದ ಬಾಟಲಿಗಳು ಸಿಗಬಹುದು. 2011ರಲ್ಲಿ ಮೊದಲು ಮಾನ್ಯತೆ ಸಿಕ್ಕಿದ್ದು ಈ ಮೂರು ಊರುಗಳಿಗೆ. ಇವು ಗಸಿಯ ಮೇಲೆ ಒಂದು ಚಳಿಗಾಲ ಅಲ್ಲ, ಒಂದೂವರೆ ಎರಡು ವರ್ಷ ಕೂತಿರುತ್ತವೆ. ಕುಡಿದರೆ ‘ಬರೀ ಹುಳಿ ನೀರು’ ಅನ್ನುವ ಮಾತು ಬಾಯಿಂದ ಬರುವುದಿಲ್ಲ. ಹತ್ತು ವರ್ಷ ಇಟ್ಟು ಕುಡಿಯುವವರೂ ಇದ್ದಾರೆ.

ಇದೇ ಪ್ರಶ್ನೆಯನ್ನು ಬೆಂಗಳೂರಿನಿಂದ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಐದು ಯೂರೋದ ಬಾಟಲಿ ಸುಂಕ, ಅಬಕಾರಿ, ಅಂಗಡಿಯವರ ಪಾಲು ಎಲ್ಲ ದಾಟಿ ಬರುವ ಹೊತ್ತಿಗೆ ಅಗ್ಗದ್ದಾಗಿ ಉಳಿಯುವುದಿಲ್ಲ. ಆ ದುಡ್ಡಿಗೆ ನಂದಿ ಬೆಟ್ಟದ ಕಡೆಯದ್ದೋ ನಾಸಿಕದ್ದೋ ಸೊವಿನ್ಯೊ ಬ್ಲಾಂಕ್ ತಗೊಳ್ಳಿ ಅನ್ನುತ್ತಿದ್ದೆ. ನೀವು ಇರುವ ಊರಿನಲ್ಲಿ ಇದು ಎರಡು ಕಾಫಿಯ ದುಡ್ಡು, ಕಲಿಯೋಕೆ ಇದಕ್ಕಿಂತ ಒಳ್ಳೆ ಅವಕಾಶ ಎಲ್ಲಿ ಸಿಗುತ್ತದೆ?

ಇಷ್ಟೆಲ್ಲ ಮಾಡಿಯೂ ಇಷ್ಟವಾಗದಿದ್ದರೆ ದಕ್ಷಿಣದ ಪಿಕ್‌ಪೂಲ್ ದ ಪಿನೆ ನೋಡಿ. ಅಲ್ಲಿ ಬಿಸಿಲು ಜಾಸ್ತಿ, ಹಾಗಾಗಿ ಹುಳಿಯ ಜೊತೆ ಹಣ್ಣಿನ ರುಚಿ ತುಸು ಹೆಚ್ಚು ಸಿಗುತ್ತದೆ, ಉದ್ದನೆ ಹಸಿರು ಬಾಟಲಿ ನೋಡಿದರೇ ಗೊತ್ತಾಗುತ್ತದೆ. ವಾಸನೆಯೇ ಬೇಕು ಅಂದರೆ ಕೋತ್ ದ ಗ್ಯಾಸ್ಕೋನ್, ಅದೂ ಅಗ್ಗ, ಮೂಗಿಗೆ ಹಬ್ಬ. ‘ಗ್ರೋ ಪ್ಲಾಂ’ ಅಂತ ಬರೆದ ಬಾಟಲಿ ಕಂಡರೆ ಸದ್ಯಕ್ಕೆ ಅತ್ತ ನೋಡಬೇಡಿ. ಅದೂ ನಾಂತ್ ಕಡೆಯದೇ, ಹುಳಿಯಲ್ಲಿ ಮ್ಯುಸ್ಕಾದೆಗೆ ಅಣ್ಣ.

ಇನ್ನು ಆ ಅರ್ಧ ಬಾಟಲಿ. ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ. ಈ ಪತ್ರ ತಲುಪುವಾಗ ಅದು ದಾಟಿ ಹೋಗಿದ್ದರೆ ಚೆಲ್ಲಬೇಡಿ. ಸಾಂಬಾರ್ ಈರುಳ್ಳಿ ಸಣ್ಣಗೆ ಹೆಚ್ಚಿ, ಅರ್ಧ ಲೋಟ ಈ ವೈನೂ ಒಂದು ಚಮಚ ವಿನೆಗರೂ ಹಾಕಿ, ಬಹುತೇಕ ಬತ್ತುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಆಮೇಲೆ ತಣ್ಣಗಿನ ಬೆಣ್ಣೆಯ ತುಂಡುಗಳನ್ನು ಒಂದೊಂದಾಗಿ ಹಾಕುತ್ತಾ ಕೈಬಿಡದೆ ತಿರುಗಿಸಿ, ಕುದಿ ಬರಲು ಬಿಡಬೇಡಿ, ಬಂದರೆ ಬೆಣ್ಣೆ ಒಡೆಯುತ್ತದೆ. ಅದು ನಾಂತ್‌ನವರ ಬೆರ್ ಬ್ಲಾಂ ಅನ್ನೋ ಬೆಣ್ಣೆ ಸಾಸ್. ಬೇಯಿಸಿದ ಮೀನಿನ ಮೇಲೋ, ಆಲೂಗಡ್ಡೆಯ ಮೇಲೋ ಹಾಕಿಕೊಳ್ಳಿ, ಪಕ್ಕದಲ್ಲಿ ಹೊಸ ಬಾಟಲಿ ಇರಲಿ, ಈ ಸಲ ಲೇಬಲ್ ನೋಡಿ ತಂದಿದ್ದು.